ಬೆಳವಕ್ಕಿಯ ಕೊಂಬೆ, ಗೌಡರ ಅಂಗಿಯ ಗೆರೆ

ಹೊಗೆ ಮೇಲೆ ಹೋಗಿ ಮೋಡವಾಗುತ್ತದೆ ಎಂದು ನಾವು ಚಿಕ್ಕವರಿದ್ದಾಗ ಅಜ್ಜಿ ಹೇಳುತ್ತಿದ್ದಳು. ಮೋಡವಾಗುತ್ತದೆಯೇ? ಮೋಡವಾಗುವುದಾದರೆ ಕಣ್ಣೇಕೆ ಉರಿಯುತ್ತದೆ? ಎಲೆಯೇಕೆ ಕಪ್ಪಾಗುತ್ತದೆ? ಬನ್ನಿ ಮಕ್ಕಳೇ, ಹತ್ತಿರ ಕುಳಿತುಕೊಳ್ಳಿ. ಬೆಳವಕ್ಕಿಯನ್ನೇ ಕೇಳೋಣ.

ಬಯಲಿನಲ್ಲಿ ಒಂದು ಜಾಲಿಮರ. ಮರದಲ್ಲಿ ಒಂದು ಕೊಂಬೆ. ಕೊಂಬೆಯಲ್ಲಿ ಒಂದು ಗೂಡು. ಗೂಡು ಬೆಳವಕ್ಕಿಯದು. ಅವಳ ಹೊಟ್ಟೆಯಲ್ಲಿ ಎರಡು ಮೊಟ್ಟೆ.

ಬೆಳವಕ್ಕಿ ನೀರು ಕುಡಿಯಲು ಹೋದಳು. ಮರಳಿ ಬಂದಳು. ಮರವಿತ್ತು. ಕೊಂಬೆ ಇರಲಿಲ್ಲ. ಗೂಡೂ ಇರಲಿಲ್ಲ.

ಮರದ ಕೆಳಗೆ ಸೌದೆ ಕಡಿಯುವ ದುರುಗಪ್ಪ ಕುಳಿತಿದ್ದ. ಕೊಡಲಿ ಮಸೆಯುತ್ತಿದ್ದ.

"ದುರುಗಪ್ಪ, ದುರುಗಪ್ಪ, ನನ್ನ ಕೊಂಬೆ ಕೊಡು. ಕೊಂಬೆಯಲ್ಲಿ ಗೂಡು. ಗೂಡಿಲ್ಲದೆ ಮೊಟ್ಟೆ ಎಲ್ಲಿಡಲಿ?"

"ನನ್ನನ್ನೇನು ಕೇಳ್ತೀಯವ್ವ? ಚೌಡವ್ವ ಕಡಿ ಅಂದಳು, ಕಡಿದೆ. ಕೊಂಬೆ ಅವಳ ಇದ್ದಿಲ ಗುಂಡಿಗೆ ಹೋಯ್ತು. ಅವಳು ಬೇಡ ಅಂದರೆ ನನಗೂ ಬೇಡ."

ದುರುಗಪ್ಪ ಕೊಂಬೆ ಕೊಡಲಿಲ್ಲ. ಬೆಳವಕ್ಕಿ ಹಾರಿದಳು.

ಚೌಡವ್ವ ಇದ್ದಿಲು ಸುಡುವವಳು. ಗುಂಡಿಯಲ್ಲಿ ಕೊಂಬೆ ಜೋಡಿಸಿದ್ದಳು. ಮೇಲೆ ಮಣ್ಣು ಮುಚ್ಚಿದ್ದಳು. ಹೊತ್ತು ಮುಳುಗಿದರೆ ಬೆಂಕಿ ಇಡುವವಳು.

"ಚೌಡವ್ವ, ಚೌಡವ್ವ, ಗುಂಡಿ ತೆಗೆ. ದುರುಗಪ್ಪ ಕೊಂಬೆ ಕೊಡಲಿಲ್ಲ. ಇದ್ದಿಲಿಗೆ ಕೊಂಬೆ ಬೇಕಂತೆ. ಕೊಂಬೆಯಲ್ಲಿ ಗೂಡು. ಗೂಡಿಲ್ಲದೆ ಮೊಟ್ಟೆ ಎಲ್ಲಿಡಲಿ?"

ಚೌಡವ್ವ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. "ಈ ಹೊಗೆ ನನಗೇನು ಹಬ್ಬದೂಟವೇ? ಇಸ್ತ್ರಿ ಮಾಚಪ್ಪ ಇದ್ದಿಲು ಕೇಳ್ತಾನೆ, ಸುಡ್ತೀನಿ. ಅವನು ಬೇಡ ಅಂದರೆ ನನಗೂ ಬೇಡ."

ಚೌಡವ್ವ ಗುಂಡಿ ತೆಗೆಯಲಿಲ್ಲ. ಬೆಳವಕ್ಕಿ ಹಾರಿದಳು.

ಹೊಂಗೆಮರದ ಕೆಳಗೆ ಮಾಚಪ್ಪನ ಬಂಡಿ. ಬಂಡಿಯ ಮೇಲೆ ಇಸ್ತ್ರಿ ಪೆಟ್ಟಿಗೆ. ಪೆಟ್ಟಿಗೆಯ ತುಂಬ ಕೆಂಡ. ಹೊಂಗೆಯ ಎಲೆಗಳಿಗೆಲ್ಲ ಮಸಿ.

"ಮಾಚಪ್ಪ, ಮಾಚಪ್ಪ, ಕೆಂಡ ಬಿಡು. ಚೌಡವ್ವ ಗುಂಡಿ ತೆಗೆಯಲಿಲ್ಲ. ದುರುಗಪ್ಪ ಕೊಂಬೆ ಕೊಡಲಿಲ್ಲ. ಕೆಂಡಕ್ಕೆ ಇದ್ದಿಲು ಬೇಕಂತೆ. ಇದ್ದಿಲಿಗೆ ಕೊಂಬೆ ಬೇಕಂತೆ. ಕೊಂಬೆಯಲ್ಲಿ ಗೂಡು. ಗೂಡಿಲ್ಲದೆ ಮೊಟ್ಟೆ ಎಲ್ಲಿಡಲಿ?"

ಮಾಚಪ್ಪ ಬಂಡಿಯ ಕೆಳಗೆ ಕೈ ತೋರಿಸಿದ. ಅಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಸಿಲಿಂಡರ್ ಇತ್ತು.

"ನೋಡು, ಇದು ಗ್ಯಾಸಿನ ಇಸ್ತ್ರಿ. ಸಿಲಿಂಡರಿನೊಳಗೆ ಪ್ರೊಪೇನ್ ಅನ್ನೋ ಅನಿಲ. ನೀಲಿ ಉರಿ. ಮಸಿ ಇಲ್ಲ. ಬೂದಿ ಇಲ್ಲ. ಕಿಡಿ ಇಲ್ಲ. ಮರ ಕಡಿಯೋದೂ ಬೇಡ."

"ಮತ್ತೇಕೆ ಹಚ್ಚುವುದಿಲ್ಲ?"

"ಗೌಡರು ಬಿಡಬೇಕಲ್ಲ. ಗ್ಯಾಸಿನ ಇಸ್ತ್ರಿಗೆ ಗೆರೆ ನಿಲ್ಲೋದಿಲ್ಲ ಅಂತಾರೆ. ಅವರು ಅಂದಿದ್ದನ್ನೇ ಊರೆಲ್ಲ ಅನ್ನುತ್ತೆ. ಅವರು ಬೇಡ ಅಂದರೆ ನನಗೂ ಬೇಡ."

ಮಾಚಪ್ಪ ಕೆಂಡ ಬಿಡಲಿಲ್ಲ. ಬೆಳವಕ್ಕಿ ಹಾರಿದಳು. ಈಗ ಮೆಲ್ಲಗೆ ಹಾರಿದಳು. ಹೊಟ್ಟೆ ಭಾರವಾಗಿತ್ತು. ಹೊತ್ತು ಇಳಿಯುತ್ತಿತ್ತು.

ಊರಗೌಡ ಬಸೆಟ್ಟೆಪ್ಪ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಬಿಳಿಯ ಅಂಗಿ ತೊಟ್ಟಿದ್ದರು. ಸುತ್ತ ಊರವರು ಕುಳಿತಿದ್ದರು.

"ಗೌಡರೇ, ಗೌಡರೇ, ಗೆರೆ ಬಿಡಿ. ಮಾಚಪ್ಪ ಕೆಂಡ ಬಿಡಲಿಲ್ಲ. ಚೌಡವ್ವ ಗುಂಡಿ ತೆಗೆಯಲಿಲ್ಲ. ದುರುಗಪ್ಪ ಕೊಂಬೆ ಕೊಡಲಿಲ್ಲ. ಗೆರೆಗೆ ಕೆಂಡ ಬೇಕಂತೆ. ಕೆಂಡಕ್ಕೆ ಇದ್ದಿಲು ಬೇಕಂತೆ. ಇದ್ದಿಲಿಗೆ ಕೊಂಬೆ ಬೇಕಂತೆ. ಕೊಂಬೆಯಲ್ಲಿ ಗೂಡು. ಗೂಡಿಲ್ಲದೆ ಮೊಟ್ಟೆ ಎಲ್ಲಿಡಲಿ?"

ಗೌಡರು ನಕ್ಕರು. "ನನ್ನ ಅಂಗಿಯ ಗೆರೆ ಮೇಲೆ ನೊಣ ಕೂತರೆ ಜಾರಿ ಬೀಳಬೇಕು. ಅಂಥ ಗೆರೆ ಕೆಂಡದಿಂದಲೇ ಬರೋದು. ಒಂದು ಕೊಂಬೆಗೆ ಇಷ್ಟು ರಾಗವೇನೇ ನಿಂದು?"

ಊರವರೂ ನಕ್ಕರು.

ಬೆಳವಕ್ಕಿ ತಡೆದಳು. ತಡೆದೇ ತಡೆದಳು. ತಡೆಯಲಾಗಲಿಲ್ಲ. ಒಂದು ಮೊಟ್ಟೆ ಜಾರಿತು. ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಒಡೆಯಿತು.

ಯಾರೂ ನಗಲಿಲ್ಲ.

ಗೌಡರು ಕೆಳಗಿಳಿದರು. ಮೆಟ್ಟಿಲನ್ನು ನೋಡಿದರು. ತಮ್ಮ ಅಂಗಿಯನ್ನು ನೋಡಿಕೊಂಡರು. "ಇದು ನನ್ನ ಗೆರೆಗಾಗಿ ಹೋಯಿತೇ?" ಎಂದರು.

"ಇನ್ನೊಂದಿದೆ," ಎಂದಳು ಬೆಳವಕ್ಕಿ.

ಗೌಡರು ತಡಮಾಡಲಿಲ್ಲ. ಚಪ್ಪಲಿ ಮೆಟ್ಟಲಿಲ್ಲ. ಬೀದಿಗೆ ನಡೆದರು. ಊರವರು ಹಿಂದೆ ನಡೆದರು.

"ಮಾಚಪ್ಪ, ನನಗೆ ಗೆರೆ ಬೇಡ. ನಿಂತರೆ ನಿಲ್ಲಲಿ, ಹೋದರೆ ಹೋಗಲಿ. ಗ್ಯಾಸು ಹಚ್ಚು."

ಗೌಡರು ಗೆರೆ ಬೇಡ ಎಂದರು. ಮಾಚಪ್ಪ ಕೆಂಡ ಬೇಡ ಎಂದ. ನೀಲಿ ಉರಿ ಹಚ್ಚಿದ. ಕಣ್ಣು ಉರಿಯಲಿಲ್ಲ. ಎಲೆಗೆ ಮಸಿ ಏರಲಿಲ್ಲ.

ಗೌಡರು ಗೆರೆ ಬೇಡ ಎಂದರು. ಮಾಚಪ್ಪ ಕೆಂಡ ಬೇಡ ಎಂದ. ಚೌಡವ್ವ ಇದ್ದಿಲು ಬೇಡ ಎಂದಳು. ಕೈಯಲ್ಲಿದ್ದ ಕೊಳ್ಳಿಯನ್ನು ನೀರಿಗೆ ಅದ್ದಿದಳು. ಗುಂಡಿಯ ಮಣ್ಣು ಸರಿಸಿದಳು. ಒಳಗೆ ಕೊಂಬೆ ಇತ್ತು. ಕೊಂಬೆಯಲ್ಲಿ ಗೂಡು ಇತ್ತು, ಒಂದು ಬದಿ ನಜ್ಜುಗುಜ್ಜಾಗಿ.

ಗೌಡರು ಗೆರೆ ಬೇಡ ಎಂದರು. ಮಾಚಪ್ಪ ಕೆಂಡ ಬೇಡ ಎಂದ. ಚೌಡವ್ವ ಇದ್ದಿಲು ಬೇಡ ಎಂದಳು. ದುರುಗಪ್ಪ ಕೊಂಬೆಯನ್ನು ಹೆಗಲ ಮೇಲೆ ಹೊತ್ತ. ಮೆಲ್ಲಗೆ, ಗೂಡು ಅಲುಗದಂತೆ ಹೊತ್ತ. ಜಾಲಿಮರ ಹತ್ತಿದ. ಕವಲಿನಲ್ಲಿ ಇಟ್ಟು ಹಗ್ಗದಿಂದ ಕಟ್ಟಿದ.

ಬೆಳವಕ್ಕಿ ಗೂಡಿಗೆ ಬಂದಳು. ಮೊಟ್ಟೆ ಇಟ್ಟಳು. ಅದು ಎರಡಕ್ಕೆಂದು ಕಟ್ಟಿದ ಗೂಡು. ಒಂದರ ಜಾಗ ಬರಿದಾಗಿತ್ತು. ಅವಳು ರೆಕ್ಕೆ ಅಗಲಿಸಿ ಎರಡೂ ಜಾಗವನ್ನು ಮುಚ್ಚಿ ಕುಳಿತಳು.

ಮರದ ಕೆಳಗೆ ಎಲ್ಲರೂ ಇದ್ದರು. ಗೌಡರು ಇದ್ದರು. ಮಾಚಪ್ಪ ಇದ್ದ. ಊರವರು ಇದ್ದರು. ಚೌಡವ್ವ ಕೇಳಿದಳು, "ಇದ್ದಿಲು ಬೇಡ ಅಂದೆ. ನಾಳೆ ನಾನು ಏನು ಉಣ್ಣಲಿ?"

ದುರುಗಪ್ಪ ಮರದಿಂದ ಇಳಿದ. ಎಲ್ಲರಿಗೂ ಕೇಳುವಂತೆ ಹೇಳಿದ:

"ಈ ಬಯಲಿನ ಜಾಲಿಯನ್ನು ನಾನು ಇನ್ನು ಕಡಿಯೋದಿಲ್ಲ. ಮರ ಹತ್ತಿ ಕಾಯಿ ಉದುರಿಸ್ತೀನಿ. ಚೌಡವ್ವ ಆರಿಸ್ತಾಳೆ. ಮೇವಿಗೆ ಅಂತ ಕುರಿಯವರಿಗೆ ಮಾರ್ತೀವಿ. ಬಂದದ್ದರಲ್ಲಿ ಇಬ್ಬರೂ ಉಣ್ತೀವಿ."