ಎಲೆಯ ತುದಿಯ ನಂಜು

“ಕೇಳ್ರಪ್ಪೋ ಕೇಳಿ! ಬಳ್ಳಿಗಿರಿಯ ರಾಜಕುಮಾರಿ ಪದ್ಮಲೆಯವರು ತಮ್ಮ ತೋಟದ ಸಿಹಿ ದ್ರಾಕ್ಷಾರಸದ ಮೇಲೆ ಮೂರು ಒಗಟು ಹಾಕುತ್ತಾರೆ. ಸುಗ್ಗಿಯ ದಿನ ಊಟ ಬಡಿಸಿ ಕೇಳುತ್ತಾರೆ. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವನ ತಲೆ ಹೋಗುತ್ತದೆ.”

ಡಂಗುರದವನು ಕೊನೆಯ ಮಾತನ್ನು ಮಾತ್ರ ಗಂಟಲೊಳಗೇ ಹೇಳುತ್ತಿದ್ದ. ಪಾಪ, ಅವನಿಗೂ ಅದು ಇಷ್ಟವಿರಲಿಲ್ಲ. ಹಿಂದಿನ ವರ್ಷ ಅರಮನೆಯ ಹೋಳಿಗೆ ಔತಣದಲ್ಲಿ ಪದ್ಮಲೆ ತಾನೇ ಹುದುಗಿಸಿದ ರಸವನ್ನು ನೆಂಟರಿಗೆ ಕೊಟ್ಟಿದ್ದಳು. ಅವರು “ಥೂ, ಹುಳಿ” ಎಂದು ಮುಖ ಕಿವುಚಿದ್ದರು. ಮಗಳು ಅತ್ತದ್ದನ್ನು ಕಂಡ ರಾಜ ಸೋಮಭೂಪ ಸಿಟ್ಟಿನಲ್ಲಿ ತಲೆಯ ಷರತ್ತು ಸೇರಿಸಿಬಿಟ್ಟ. ಸಿಟ್ಟು ಇಳಿಯಿತು, ಆಡಿದ ಮಾತು ಉಳಿಯಿತು.

ಸುಗ್ಗಿಯ ದಿನ ರಾಜನ ಎದುರಿನ ಪಂಕ್ತಿಯಲ್ಲಿ ಇಬ್ಬರು ಅರಸುಮಕ್ಕಳು ಕೂತಿದ್ದರು. ಒಬ್ಬ ಬಂಕರಾಯ, ಬಾಯಿ ಮುಂದು. ಇನ್ನೊಬ್ಬ ವಿಜಯಾದಿತ್ಯ, ಅಳೆದು ತೂಗಿ ಆಡುವವನು. ಮುತ್ತುಗದ ಊಟದೆಲೆ ಹಚ್ಚಿ ಮಾರುವ ದ್ಯಾವ ಅಡುಗೆಮನೆಗೆ ಎಲೆಯ ಹೊರೆ ತಂದವನು, ಹಸಿವು ತಾಳದೆ ಅವರ ಪಕ್ಕದ ಖಾಲಿ ಮಣೆಯ ಮೇಲೆ ಕೂತೇಬಿಟ್ಟ. ಬಡಿಸುವವರು ನೋಡದೆ ಅವನಿಗೂ ಬಡಿಸಿದರು. ಮುದ್ದೆ, ಅವರೆಕಾಳಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಬೆಲ್ಲದ ಹೋಳಿಗೆ, ಎಲೆಯ ತುದಿಗೆ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿದ ಬಾಳಕದ ಮೆಣಸಿನಕಾಯಿ, ಎಲ್ಲವೂ ಅರಮನೆಯ ಹೊಲದಲ್ಲೇ ಬೆಳೆದದ್ದು. ಪಕ್ಕದಲ್ಲಿ ರಸದ ಬಟ್ಟಲು.

“ಏಳೋ ಮಾರಾಯ! ಇದು ತಲೆ ಪಣ ಇಟ್ಟವರ ಪಂಕ್ತಿ” ಎಂದು ಅಡುಗೆಯವನು ಪಿಸುಗುಟ್ಟಿದ.

ದ್ಯಾವನಿಗೆ ಆಗಲೇ ಅದು ಗೊತ್ತಾದದ್ದು. ಆದರೂ ಏಳಲಿಲ್ಲ. “ಬಡಿಸಿದ್ ಎಲೆ ಬಿಟ್ಟು ಏಳಬಾರ್ದು ಅಂತ ನಮ್ಮವ್ವ ಹೇಳವ್ಳೆ.”

ಹೂಜಿ ಹಿಡಿದು ಕಂಬದ ಬಳಿ ನಿಂತಿದ್ದ ಪದ್ಮಲೆ ಮೊದಲ ಒಗಟು ಹಾಕಿದಳು. “ಹುಟ್ಟಿದಲ್ಲೇ ಮುದುಕಿಯಾದಳು. ಮೈಯೆಲ್ಲ ಸುಕ್ಕು, ಒಳಗಿನ ನೀರೂ ಆರಿತು. ಆದರೂ ಹರೆಯದವರಿಗಿಂತ ಅವಳೇ ಸಿಹಿ. ಯಾರವಳು?”

“ರಾಜಮಾತೆಯವರು!” ಎಂದ ಬಂಕರಾಯ, ಹೊಗಳಿದೆನೆಂಬ ಹೆಮ್ಮೆಯಲ್ಲಿ. ಪರದೆಯ ಹಿಂದೆ ರಾಜಮಾತೆ ಹೂಂಕರಿಸಿದರು. ಭಟರು ಅವನ ರೆಟ್ಟೆ ಹಿಡಿದು ಎಬ್ಬಿಸಿದರು.

“ಬಳ್ಳೀಲೇ ಬಾಡಿದ ದ್ರಾಕ್ಷಿ ಅಲ್ವರಾ?” ಎಂದ ದ್ಯಾವ. “ಬರ್ತಾ ತೋಟದಾಗೆ ಒಂದು ಗೊಂಚಲು ಬಾಯಿಗೆ ಹಾಕ್ಕಂಡೆ. ಮೇಲೆ ಸುಕ್ಕು, ಒಳಗೆ ಜೇನು.”

ಕದ್ದು ತಿಂದದ್ದು ಒಪ್ಪಿಕೊಂಡ ಹಾಗಾಯಿತು, ಉತ್ತರವೂ ಸರಿಯಾಯಿತು. ಪದ್ಮಲೆ ನಗು ತಡೆದುಕೊಂಡು ಎರಡನೆಯದನ್ನು ಕೇಳಿದಳು. “ತಂಗಿ ಒಬ್ಬಳೇ ಬಂದರೆ ‘ಎಷ್ಟು ಸಿಹಿ’ ಎನ್ನುತ್ತಾರೆ. ಅಕ್ಕ ಬಂದುಹೋದ ಮೇಲೆ ಬಂದರೆ ‘ಹುಳಿ’ ಎಂದು ಉಗುಳುತ್ತಾರೆ. ತಂಗಿ ನಿಮ್ಮ ಬಟ್ಟಲಲ್ಲಿದ್ದಾಳೆ. ಅಕ್ಕ ಯಾರು?”

ವಿಜಯಾದಿತ್ಯ ಜಾಣ, ಇನ್ನೂ ಅಳೆದು ತೂಗುತ್ತಿದ್ದ. ದ್ಯಾವ ರಸವನ್ನು ಗುಟುಕರಿಸಿದ. ಸಿಹಿಯೋ ಸಿಹಿ. ಇಷ್ಟು ಎಣ್ಣೆಗಾಯಿ ತಿಂದು ಕುಡಿದ, ಸಿಹಿಯೇ. ಹೋಳಿಗೆ ಮುರಿದು ತಿಂದು ಕುಡಿದವನು ಕಣ್ಣು ಕಿರಿದು ಮಾಡಿದ.

“ಸಿಕ್ಕಿದ್ಳು ಅಕ್ಕ! ಹೋಳಿಗೆ. ತನಗಿಂತ ಸಿಹಿಯಾದ್ದು ಮೊದಲು ಬಾಯಿಗೆ ಬಿದ್ರೆ ಈ ರಸದ ಸಿಹಿ ಗೊತ್ತೇ ಆಗಕಿಲ್ಲ, ಹುಳಿ ಒಂದೇ ಎದ್ದು ಕಾಣ್ತದೆ. ತಪ್ಪು ರಸದ್ದಲ್ಲ ಕಣವ್ವ.”

ಒಂದು ವರ್ಷದಿಂದ ಈ ಮಾತಿಗೆ ಕಾದಿದ್ದ ಪದ್ಮಲೆ ಹೂಜಿ ತಂದು ಅವನ ಬಟ್ಟಲನ್ನು ಮತ್ತೆ ತುಂಬಿದಳು. ಕಂಬದ ಬಳಿಗೆ ಮರಳಿ, “ಎಲೆಯ ತುದಿಯಲ್ಲಿ ನಂಜು ಕೂತಿದೆ” ಎಂದು ಮೂರನೆಯದನ್ನು ಶುರು ಮಾಡಿದಳಷ್ಟೆ, ವಿಜಯಾದಿತ್ಯ ಎಲೆಯನ್ನು ದೂರ ತಳ್ಳಿ ಎದ್ದು ನಿಂತ.

“ವಿಷ! ಊಟಕ್ಕೆ ಪಾಷಾಣ ಹಾಕಿದ್ದಾರೆ!”

“ತಪ್ಪು ಉತ್ತರ” ಎಂದ ರಾಜ, ಬೇಸರದಿಂದಲೇ. ಭಟರು ಅವನನ್ನೂ ಕರೆದೊಯ್ದರು.

ಪದ್ಮಲೆ ಒಗಟು ಮುಗಿಸಿದಳು. “ಆ ನಂಜು ಕೊಲ್ಲುವುದಿಲ್ಲ, ಅಳಿಸುತ್ತದೆ. ನನ್ನ ರಸ ಅದನ್ನು ಸಮಾಧಾನ ಮಾಡುತ್ತದೆ, ಅದು ರಸಕ್ಕೆ ರುಚಿ ಕಟ್ಟುತ್ತದೆ. ಯಾವುದದು?”

ಈಗ ಉಳಿದದ್ದು ದ್ಯಾವನೊಬ್ಬನ ತಲೆ. ಅವನಿಗೆ ನಿಜಕ್ಕೂ ಭಯವಾಯಿತು. ಅವ್ವ ನೆನಪಾದಳು. ದಿನವೂ ಮುದ್ದೆ ಇಟ್ಟು ಅವಳು ಕೇಳುವ ಮಾತು, “ನಂಜ್ಕಳಕ್ಕೆ ಏನ್ಲಾ ಬೇಕು?”

ದ್ಯಾವ ಎಲೆಯ ತುದಿಯ ಬಾಳಕದ ಮೆಣಸಿನಕಾಯಿಯನ್ನು ಕಟಕ್ಕನೆ ಕಡಿದ. ಉಪ್ಪು, ಖಾರ, ಕಣ್ಣಲ್ಲಿ ನೀರು. ಹಿಂದೆಯೇ ಒಂದು ಗುಟುಕು ರಸ. ಮುಖ ಅರಳಿತು.

“ವಿಷ ಎಲ್ಲಿ ಬಂತು? ನಂಜಿಕೊಳ್ಳೋ ನಂಜು ಇದು, ಬಾಳಕ! ರಸ ಖಾರ ಇಳಿಸ್ತದೆ, ಉಪ್ಪು ರಸದ ಸಿಹಿ ಎತ್ತಿ ಹಿಡೀತದೆ. ಹೋದ ವರ್ಷದ ಆ ನೆಂಟರಿಗೆ ಹೋಳಿಗೆ ಬದಲು ಇದನ್ ಕೊಟ್ಟಿದ್ರೆ ಹೂಜಿ ಖಾಲಿ ಮಾಡಿ ಹೋಗೋರು.”

“ಗೆದ್ದೆಯಪ್ಪ! ಕೇಳು, ಏನು ಬೇಕು?” ಎಂದ ಸೋಮಭೂಪ.

“ಆ ಇಬ್ಬರ ತಲೆ ಇದ್ದಲ್ಲೇ ಇರ್ಲಿ ಬುದ್ದಿ. ಅರ್ಧ ಊಟದಾಗೆ ಎಬ್ಬಿಸಿಬಿಟ್ರಿ, ಕರೆದು ಕೂರಿಸಿ.”

ರಾಜನಿಗೆ ಹೋದ ಜೀವ ಬಂದಂತಾಯಿತು. “ಆಗಲಿ, ಆಗಲಿ! ನಿನಗೇನು ಬೇಕೋ? ಅರ್ಧ ರಾಜ್ಯವೋ, ನನ್ನ ಮಗಳೋ?”

ದ್ಯಾವ ಕಂಬದ ಕಡೆ ನೋಡಿದ. “ಅಮ್ಮಣ್ಣಿ, ನಿಮ್ದು ಊಟ ಆಯ್ತಾ?”

ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಆ ಅವಮಾನದ ದಿನದಿಂದ ಅವಳು ಪ್ರತಿ ಔತಣದಲ್ಲೂ ನಿಂತೇ ಇದ್ದಳು, ಕುಡಿಯುವವರ ಮುಖ ನೋಡುತ್ತ. ಅವಳ ಕಣ್ಣು ತುಂಬಿತು, ಸಂತೋಷಕ್ಕೇ ತುಂಬಿತು.

“ಇಲ್ಲ” ಎಂದಳು.

ದ್ಯಾವ ತನ್ನ ಪಕ್ಕದಲ್ಲಿ ಹೊಸ ಎಲೆ ಹಾಸಿದ. ಪದ್ಮಲೆ ಹೂಜಿಯನ್ನು ತಂದೆಯ ಕೈಗೆ ಕೊಟ್ಟು ಕೂತಳು. ಮದುವೆಯ ಮಾತನ್ನು ಮೊಸರನ್ನದ ಹೊತ್ತಿಗೆ ಅವಳೇ ಎತ್ತಿದಳು.