ಅವಸರದ ಡಕಾಯಿತ

ಮೇಜಿನ ಮೇಲೆ ಮರಳು ಹರಡಿ ಮಾಡಿದ ಕೌಬಾಯ್ ಊರಿನಲ್ಲಿ ಷರೀಫ್ ಬೊಂಬೆಯೂ ಡಕಾಯಿತ ಬೊಂಬೆಯೂ ಎದುರುಬದುರು ನಿಂತಿದ್ದವು. ವಾರಿಜಾ ಅವುಗಳನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ ತೆಗೆಯುವಳು, ಮತ್ತೆ ಸರಿಸಿ ಇನ್ನೊಂದು. ಆ ಫೋಟೋಗಳೆಲ್ಲ ಒಂದರ ಹಿಂದೊಂದು ಓಡಿದರೆ ಸಿನಿಮಾ. ಎರಡರ ಕೈಯೂ ಸೊಂಟದ ಪಿಸ್ತೂಲಿನ ಹತ್ತಿರ ಬಂದಾಗ ಅವಳು ಕಾಫಿಗೆಂದು ಹೊರಗೆ ಹೋದಳು.

"ಈಗಲೇ ಪಿಸ್ತೂಲು ಎಳೆದುಬಿಡುತ್ತೇನೆ" ಎಂದಿತು ಡಕಾಯಿತ ಬೊಂಬೆ.

"ಬೇಡ. ಅವಳು ಸರಿಸುವವರೆಗೆ ಅಲುಗಾಡಬಾರದು. ಅದು ನಮ್ಮ ಕಟ್ಟಳೆ" ಎಂದಿತು ಷರೀಫ್.

"ಗೆಲ್ಲುವ ನಿನಗೆ ಕಟ್ಟಳೆ ಚೆಂದ. ಇಂಥ ಕಥೆಗಳಲ್ಲಿ ಸಾಯುವವನು ಯಾವಾಗಲೂ ಡಕಾಯಿತನೇ. ನಾನೇಕೆ ಕಾಯಲಿ?"

ಷರೀಫ್ ಉತ್ತರಿಸುವ ಮೊದಲೇ ಡಕಾಯಿತನ ಪಿಸ್ತೂಲು ಅದರ ಎದೆಗೆ ಗುರಿಯಿಟ್ಟಿತ್ತು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಎರಡೂ ಇದ್ದಲ್ಲೇ ಸ್ತಬ್ಧವಾದವು.

ವಾರಿಜಾ ಕೊನೆಯ ಫೋಟೋ ನೋಡಿದಳು, ಬೊಂಬೆಯ ತೋಳು ನೋಡಿದಳು. "ಅಯ್ಯೋ, ಇದರ ಮೊಣಕೈ ಸಡಿಲಾಗಿದೆಯಲ್ಲ! ನಗೆಯ ಸಿನಿಮಾ ತಾನೇ, ಈ ಸಲ ಡಕಾಯಿತನೇ ಗೆಲ್ಲಲಿ ಅಂದುಕೊಂಡಿದ್ದೆ. ಸ್ಕ್ರೂ ಬಿಗಿದರೂ ಇಂಥ ಕೈ ನಂಬಿಕೊಂಡು ಹೇಗೆ ಗೆಲ್ಲಿಸಲಿ? ಹೋಗಲಿ, ಷರೀಫನೇ ಗೆಲ್ಲಲಿ."

ಅವಳು ಡಕಾಯಿತನ ತೋಳನ್ನು ಕೆಳಗಿಳಿಸಿ ಮೊಣಕೈಯ ಸ್ಕ್ರೂ ಬಿಗಿದಳು. ಷರೀಫನ ಪಿಸ್ತೂಲು ಮೇಲೆದ್ದಿತು.

ಗುಂಡು ತಗಲಿದ ಡಕಾಯಿತ ನೆಲಕ್ಕೆ ಬೀಳುವಷ್ಟರಲ್ಲಿ ಸಂಜೆಯಾಯಿತು. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು.