ಬೆರಳಗಲ ಸರಿದ ಮರೆ

ದೊಡ್ಡ ಕ್ಯಾಮೆರಾದಲ್ಲಿ ಒಂದೇ ಫಿಲ್ಮ್ ಹಾಳೆಯ ಮೇಲೆ ಎರಡು ಉದ್ದನೆಯ ಚಿತ್ರ ತೆಗೆಯುವುದು ಛಾಯಾಗ್ರಾಹಕ ಇಂದುಧರನ ಪದ್ಧತಿ. ಹಾಳೆಯ ಕೆಳಗಿನ ಅರ್ಧಕ್ಕೆ ತಗಡಿನ ಮರೆ ಇಟ್ಟು ಮೊದಲ ಚಿತ್ರ. ಆಮೇಲೆ ಮರೆಯನ್ನು ಮೇಲಕ್ಕೆ ಸರಿಸಿ ಎರಡನೆಯದು.

ಅಂದು ಹಿನ್ನೀರಿನ ದಡದಲ್ಲಿ ಮೇಲಿನ ಅರ್ಧದ ಸರದಿ ಬಂದಾಗ, ಕತ್ತಲಲ್ಲಿ ಕೂತ ಕೆಳಗಿನ ಅರ್ಧಕ್ಕೆ ಹೊಟ್ಟೆ ಉರಿಯಿತು.

“ಮರೆಯೇ, ಅದೊಂದೇ ಬೆಳಕು ಕಾಣಬೇಕೆ? ಬೆರಳಗಲ ಸರಿ.”

“ನಿನ್ನ ಸರದಿಯೂ ಬರುತ್ತದೆ. ಅಲ್ಲಿಯವರೆಗೆ ನಿನ್ನನ್ನು ಕಾಯುವುದೇ ನನ್ನ ಕೆಲಸ,” ಎಂದಿತು ಮರೆ.

“ಇದು ಕಾವಲಲ್ಲ, ಸೆರೆ. ನಿನಗೆ ಕರುಣೆಯೇ ಇಲ್ಲ.”

ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಮರೆಗೆ ಅದು ಚುಚ್ಚಿತು. ಕರುಣೆ ತೋರಿಸಲೆಂದೇ ಅದು ಬೆರಳಗಲ ಸರಿಯಿತು. ಕೆಳಗಿನ ಅರ್ಧ ಇಣುಕಿ ನೋಡಿತು. ಕಂಡದ್ದು ಒಂದು ಬೋಳು ಗುಡ್ಡ.

“ಇಷ್ಟೇನಾ!” ಎಂದು ಅದು ನಕ್ಕಿತು.

ಅದರ ಸರದಿ ಬಂದಾಗ ಹಿನ್ನೀರಿನ ಉದ್ದಕ್ಕೂ ಕೂತಿದ್ದ ಬೆಳ್ಳಕ್ಕಿಗಳ ಹಿಂಡು ಒಮ್ಮೆಲೇ ರೆಕ್ಕೆ ಬಿಚ್ಚಿ ಎದ್ದಿತು. ಇಂದುಧರ ಗುಂಡಿ ಒತ್ತಿದ.

ಮರುದಿನ ತೊಳೆದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದವನು ಅದನ್ನು ಒಣಗಲು ತೂಗುಹಾಕಿ ಹೊರಟುಹೋದ. ಹಕ್ಕಿಗಳೆಲ್ಲ ಬಂದಿದ್ದವು. ಅವುಗಳ ರೆಕ್ಕೆಗಳ ಮೇಲೆ ಬೋಳು ಗುಡ್ಡವೂ ಕೂತಿತ್ತು.

“ಮರೆಯೇ, ಆ ಗುಡ್ಡವನ್ನು ಮುಚ್ಚಿಬಿಡು,” ಎಂದು ಕೆಳಗಿನ ಅರ್ಧ ಅಂಗಲಾಚಿತು.

“ಬಿದ್ದ ಬೆಳಕನ್ನು ನಾನು ಮುಚ್ಚಲಾರೆ,” ಎಂದಿತು ಮೇಜಿನ ಮೇಲಿದ್ದ ಮರೆ. “ನಿನ್ನೆ ನಾನು ನಿನ್ನಿಂದ ಬೈಸಿಕೊಂಡು ಸುಮ್ಮನೆ ನಿಂತಿದ್ದರೆ ಸಾಕಿತ್ತು.”